ಮಹಾಸಂಖ್ಯೆಗಳ ಅನ್ವೇಷಣೆಯಲ್ಲಿ ಸ್ವಯಂಸೇವಕರು

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಪೂರ್ಣಾಂಕವೇ ಅವಿಭಾಜ್ಯ ಸಂಖ್ಯೆ. 2, 3, 5, 7, 11 ಮೊದಲಾದುವನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಇವುಗಳಿಗೆ ಕೊನೆಯಿಲ್ಲವೆಂಬುದನ್ನು ಗ್ರೀಕ್ ಪಂಡಿತನಾದ ಯೂಕ್ಲಿಡನು ಕ್ರಿಸ್ತಪೂರ್ವ 300ರ ಸುಮಾರಿನಲ್ಲಿಯೇ ಸಾಧಿಸಿ ತೋರಿಸಿದನು. ಆದರೆ ಕೊನೆಯಿಲ್ಲವೆಂದು ಅರಿಯುವುದು ಸುಲಭ. ಬಹು ದೊಡ್ಡದೊಂದು ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಅದು ಅವಿಭಾಜ್ಯವೆಂದು ನಿರ್ಧರಿಸುವುದು ಬಲು ಕಷ್ಟ. ಈ ಕಷ್ಟದ ಕಾರ್ಯವನ್ನು ಸಾಮಾನ್ಯ ಜನರು ತಮ್ಮ ತಮ್ಮ ಗಣಕಯಂತ್ರಗಳ ನೆರವಿನಿಂದ ಹಂಚಿಕೊಂಡು ನಡೆಸುತ್ತಿರುವ ಬಗೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಎರಡನ್ನು ಎರಡರಿಂದಲೇ ಹಲವು ಬಾರಿ ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆದರೆ 3, 7, 15, 31 ಎಂಬಂತಹ ಸಂಖ್ಯೆಗಳು ದೊರೆಯುತ್ತವೆ. ಇವುಗಳಲ್ಲಿ ಅವಿಭಾಜ್ಯವಾದುವನ್ನು, ಫ್ರಾನ್ಸಿನ ಸನ್ಯಾಸಿ ಮರೆನ್ ಮರ್ಸೆನ್ನನ ಹೆಸರಿನಿಂದ ಮರ್ಸೆನ್ ಅವಿಭಾಜ್ಯಗಳೆಂದು ಕರೆಯುತ್ತಾರೆ. ಹೀಗೆ ಗುಣಿಸಿದ ಎರಡುಗಳ ಎಣಿಕೆ, ಅಂದರೆ ಘಾತವು, ಅವಿಭಾಜ್ಯವಾಗಿರಲೇಬೇಕು, ಅಷ್ಟರಿಂದಲೇ ಸಾಲದು. 11 ಅವಿಭಾಜ್ಯವಾದರೂ ಅದರಿಂದ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. 1644ರಲ್ಲಿ ಮರ್ಸೆನ್ನನು ಪ್ರಕಟಿಸಿದ ಪಟ್ಟಿಯಲ್ಲಿಯೂ ತಪ್ಪುಗಳಿದ್ದುವು. ಅವನು ಸೇರಿಸಿದ್ದ 67 ಎಂಬ ಘಾತದ ಸಂಖ್ಯೆ ಅವಿಭಾಜ್ಯವಲ್ಲವೆಂದು 1876ರಲ್ಲಿ ಎಡ್ವರ್ಡ್ ಲ್ಯೂಕಾ ಸಾಧಿಸಿದನು. ಅದರ ಭಾಜಕಗಳಾದ 193707721 ಮತ್ತು 761838257287 ಎಂಬುವನ್ನು ಕಂಡುಹಿಡಿದವನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್. ಅದು 1903ರ ಮಾತು. ಮೂರು ವರ್ಷಗಳ ಭಾನುವಾರಗಳು ಇದಕ್ಕೆ ಹಿಡಿದುವೆಂದು ಆತನು ಹೇಳಿದನೆಂದು ಪ್ರತೀತಿಯಿದೆ.

ಭಾಜಕಗಳನ್ನು ಹುಡುಕದೆಯೇ ಪರೀಕ್ಷಿಸುವ ಉಪಾಯವನ್ನು ಲ್ಯೂಕಾ ತೋರಿಸಿದನು. 1930ರಲ್ಲಿ ಲೇಮರ್ ಅದನ್ನು ಪರಿಷ್ಕರಿಸಿದನು. ನಾಲ್ಕರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ ಎರಡನ್ನು ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಉಳಿಸಿಕೊಳ್ಳಬೇಕು. ಘಾತಕ್ಕಿಂತ ಎರಡು ಕಡಿಮೆಯಷ್ಟು ಹೆಜ್ಜೆಗಳಾದ ಮೇಲೆ ಶೂನ್ಯ ಬಂದರೆ ಅದು ಅವಿಭಾಜ್ಯ. 31ಕ್ಕೆ ಘಾತ 5, ಹೆಜ್ಜೆಗಳು ಮೂರು. 4ರ ವರ್ಗದಿಂದ 2 ಕಳೆದರೆ 14. 14ರ ವರ್ಗದಿಂದ 2 ಕಳೆದರೆ 194, ಅದನ್ನು 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗದಿಂದ 2 ಕಳೆದರೆ 62, ಅದರ ಶೇಷ ಶೂನ್ಯ. ಇದನ್ನು ವಿದ್ಯಾರ್ಥಿಗಳು ಸ್ಲೇಟಿನ ಮೇಲೆಯೇ ಮಾಡಿ ನೋಡಬಹುದು. ಘಾತವು ಕೋಟಿಗಳಲ್ಲಿದ್ದರೆ ಹೆಜ್ಜೆಗಳೂ ಕೋಟಿಗಳಾಗುತ್ತವೆ. ಒಂದೊಂದು ಹೆಜ್ಜೆಯಲ್ಲಿಯೂ ಲಕ್ಷಾಂತರ ಅಂಕಿಗಳ ಗುಣಾಕಾರವಿರುತ್ತದೆ. ಮನುಷ್ಯನ ಆಯುಷ್ಯವು ಅದಕ್ಕೆ ಸಾಲದು. ಒಂದೇ ಯಂತ್ರವೂ ಸಾಲದು.

ಆದುದರಿಂದಲೇ 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬಾತನು, ಗಣಿತದ ಈ ಕ್ರಮವನ್ನು ನಡೆಸಬಲ್ಲ ತಂತ್ರಾಂಶವೊಂದನ್ನು ರಚಿಸಿ, ಬೇಕಾದವರಿಗೆಲ್ಲ ಉಚಿತವಾಗಿ ಹಂಚಿದನು. ಗಿಂಪ್ಸ್ ಎಂಬ ಸಂಸ್ಥೆಯು ಹೀಗೆ ಹುಟ್ಟಿತು. ಕೇಂದ್ರವು ಪ್ರತಿಯೊಬ್ಬ ಸ್ವಯಂಸೇವಕನಿಗೂ ಒಂದೊಂದು ಘಾತವನ್ನು ವಹಿಸಿಕೊಡುತ್ತದೆ. ಒಬ್ಬನಿಗೆ ಕೊಟ್ಟುದನ್ನು ಮತ್ತೊಬ್ಬನು ಅರಿಯದೆ ಮಾಡಿ ಶ್ರಮವನ್ನು ವ್ಯರ್ಥಗೊಳಿಸುವುದಿಲ್ಲ. ಯಂತ್ರದ ಒಡೆಯನು ತನ್ನ ಕೆಲಸದಲ್ಲಿರುವಾಗ ತಂತ್ರಾಂಶವು ಹಿಂದೆ ಸರಿದು, ಬಿಡುವಾದಾಗ ಲೆಕ್ಕವನ್ನು ಮುಂದುವರಿಸುತ್ತದೆ. ಮೊದಲು ಸಣ್ಣ ಭಾಜಕಗಳನ್ನು ಹುಡುಕುವುದು, ಅನಂತರ ಮುಖ್ಯ ಪರೀಕ್ಷೆ, ಕೊನೆಗೆ ತಾಳೆ ನೋಡುವುದು, ಹೀಗೆ ಕಾರ್ಯದಲ್ಲಿ ಮೂರು ಮಜಲುಗಳುಂಟು.

ಫಲವೇನು? 1996ರಿಂದ 2024ರ ವರೆಗೆ ಈ ಸಂಸ್ಥೆಯವರು 18 ಮರ್ಸೆನ್ ಅವಿಭಾಜ್ಯಗಳನ್ನು ಕಂಡುಹಿಡಿದರು. 1999ರಲ್ಲಿ ದೊರೆತದ್ದು ಹತ್ತು ಲಕ್ಷ ಅಂಕಿಗಳನ್ನು ಮೀರಿದ ಮೊದಲನೆಯ ಅವಿಭಾಜ್ಯ. 2024ರ ಅಕ್ಟೋಬರಿನಲ್ಲಿ ದೊರೆತುದರ ಘಾತವು 13,62,79,841; ಬರೆದರೆ ಅದಕ್ಕೆ 4,10,24,320 ಅಂಕಿಗಳು.

ಸೇರಲಿಚ್ಛಿಸುವವರಿಗೆ ನಾವು ಸತ್ಯವನ್ನು ಮರೆಮಾಚಬಾರದು. ಹೊಸ ಅವಿಭಾಜ್ಯವು ತನ್ನ ಪಾಲಿಗೇ ಬರುವ ಸಂಭವ ಅತ್ಯಲ್ಪ. ವಿದ್ಯುತ್ತಿನ ವೆಚ್ಚವಿದೆ, ಯಂತ್ರಕ್ಕೆ ಬಿಸಿಯಾಗುತ್ತದೆ. ಇಷ್ಟು ದೊಡ್ಡ ಸಂಖ್ಯೆಯಿಂದ ನಿತ್ಯಜೀವನಕ್ಕೆ ನೇರವಾದ ಉಪಯೋಗವೂ ಇಲ್ಲ. ಆದರೂ ಈ ಕಠಿಣ ಗಣನೆಯು ಯಂತ್ರಗಳ ದೋಷವನ್ನು ಬಯಲಿಗೆಳೆದುದುಂಟು: 2016ರಲ್ಲಿ ಇಂಟೆಲ್ ಕಂಪನಿಯ ಒಂದು ಬಗೆಯ ಸಂಸ್ಕಾರಕದ ನ್ಯೂನತೆ ಬೆಳಕಿಗೆ ಬಂದುದು ಇದೇ ತಂತ್ರಾಂಶದಿಂದ. ಇನ್ನೊಂದು ಎಚ್ಚರಿಕೆಯೂ ಅವಶ್ಯ. ಶಾಲೆಯ ಅಥವಾ ಕಚೇರಿಯ ಯಂತ್ರವು ನಮ್ಮ ಸ್ವತ್ತಲ್ಲ. ಮೇಲಿನವರ ಲಿಖಿತ ಅನುಮತಿಯಿಲ್ಲದೆ ಅದರಲ್ಲಿ ಈ ಕೆಲಸವನ್ನು ಹೂಡುವುದು, ಉದ್ದೇಶವೆಷ್ಟೇ ಒಳ್ಳೆಯದಾದರೂ, ಅಪಚಾರವೇ ಸರಿ.

'ಈ ಸಂಖ್ಯೆ ಅವಿಭಾಜ್ಯವಲ್ಲ' ಎಂಬ ಉತ್ತರವನ್ನು ಪಡೆದವನು ಸೋತವನೆಂದು ಯಾರೂ ಭಾವಿಸಬೇಕಾಗಿಲ್ಲ. ಆ ಒಂದು ಘಾತವನ್ನು ಇನ್ನು ಯಾರೂ ಹುಡುಕಬೇಕಾಗಿಲ್ಲವೆಂಬುದೇ ಅವನು ಲೋಕಕ್ಕೆ ಸಲ್ಲಿಸಿದ ಕಾಣಿಕೆ. ಹನಿಹನಿ ಕೂಡಿದರೆ ಹಳ್ಳ, ತೆನೆತೆನೆ ಕೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹತ್ತು ಮನೆಗಳ ಅಕ್ಕಿಯಿಂದಲೂ ಕಾಸಿನಿಂದಲೂ ಶಾಲೆಗಳನ್ನು ಕಟ್ಟಿ ಬೆಳೆಸಿದ ಗಡಿನಾಡ ಜನರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕೆ? ಮನೆಯಲ್ಲಿ ಯಂತ್ರವಿದ್ದು, ತಂದೆತಾಯಿಗಳ ಒಪ್ಪಿಗೆಯನ್ನು ಪಡೆದ ವಿದ್ಯಾರ್ಥಿಗಳು ಈ ಮಹಾಕಾರ್ಯದಲ್ಲಿ ಒಂದು ಘಾತದ ಭಾರವನ್ನಾದರೂ ಹೊರಲಿ ಎಂದು ಹಾರೈಸುತ್ತೇವೆ. ಯಂತ್ರವಿಲ್ಲದವರು 127ಕ್ಕೆ ಮೇಲಿನ ಪರೀಕ್ಷೆಯನ್ನು ಕೈಯಿಂದಲೇ ಮಾಡಿ ನೋಡಲಿ. ಅದರ ಘಾತ 7, ಹೆಜ್ಜೆಗಳು ಐದೇ ಐದು.