ಟಾರ್ಚಿನ ಬೆಳಕನ್ನು ಅಳೆಯುವುದು

ಚನ್ನಗಿರಿ ತಾಲೂಕಿನ ನಲ್ಲೂರಿನ ಸುತ್ತ ಅಡಕೆ ತೋಟಗಳಿವೆ. ಪಂಪ್‌ಸೆಟ್ಟಿಗೆ ವಿದ್ಯುತ್ತು ರಾತ್ರಿಯ ಸರದಿಯಲ್ಲಿ ಬಂದರೆ ರೈತನು ನಡುರಾತ್ರಿಯಲ್ಲೆದ್ದು ತೋಟಕ್ಕೆ ಹೋಗಬೇಕಾಗುತ್ತದೆ. ಉದುರಿದ ಸೋಗೆ, ಹಾಳೆಗಳ ನಡುವೆ ಮಲಗಿದ ಕೊಳಕುಮಂಡಲ ಹಾವು ಹಗಲಿನಲ್ಲಿಯೇ ಸುಲಭವಾಗಿ ಕಾಣದು. ಇನ್ನು ಇರುಳಿನಲ್ಲಿ ಕೈಯೊಳಗಿನ ಟಾರ್ಚನ್ನೇ ನಂಬಬೇಕು. ನಮ್ಮ ಕಡೆ ಅದನ್ನು 'ಬ್ಯಾಟರಿ' ಎಂದೇ ಕರೆಯುವುದು ವಾಡಿಕೆ.

ಪರಿಚಯದ ರೈತರೊಬ್ಬರು ಒಮ್ಮೆ ಎರಡು ಟಾರ್ಚುಗಳನ್ನು ನನ್ನ ಮುಂದಿಟ್ಟು, "ಮೇಷ್ಟ್ರೇ, ಇವುಗಳಲ್ಲಿ ಯಾವುದಕ್ಕೆ ಬೆಳಕು ಹೆಚ್ಚು, ನೋಡಿ ಹೇಳಿ" ಎಂದರು. ನೋಡಿ ಹೇಳುವುದೇ ಕಷ್ಟ. ಬೆಳಕು ಹೆಚ್ಚಿದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಬೆಳಕು ನಾಲ್ಕು ಪಟ್ಟಾದರೂ ಕಣ್ಣು ಅದನ್ನು ಅಷ್ಟೆಂದು ಗುರುತಿಸಲಾರದು. ಆದುದರಿಂದ ಅಗ್ಗದ ಲಕ್ಸ್ ಮೀಟರೊಂದನ್ನು ತರಿಸಿದೆ. ಅದರ ಬಿಳಿಯ ಗುಮ್ಮಟದ ಕೆಳಗೆ ಸಿಲಿಕಾನಿನ ಸಣ್ಣ ಬಿಲ್ಲೆಯಿರುತ್ತದೆ. ಬೆಳಕು ಬಿದ್ದಷ್ಟೂ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಉಪಕರಣವು ಅದನ್ನು ಅಂಕಿಯಾಗಿ ತೋರಿಸುತ್ತದೆ.

ಈ ಅಂಕಿ ಯಾವುದರ ಅಳತೆ? ಕೊಳವೆಯಿಂದ ಹೊರಡುವ ಒಟ್ಟು ನೀರಿನಂತೆ, ದೀಪದಿಂದ ಹೊರಡುವ ಒಟ್ಟು ಬೆಳಕು ಲ್ಯೂಮೆನ್. ಒಂದು ಪಾತಿಗೆ ಬಿದ್ದ ನೀರಿನಂತೆ, ಒಂದು ಚದರ ಮೀಟರಿನ ಮೇಲೆ ಬಿದ್ದ ಬೆಳಕು ಲಕ್ಸ್. ಮೀಟರು ಅಳೆಯುವುದು ಪಾತಿಯನ್ನು, ಕೊಳವೆಯನ್ನಲ್ಲ. ಎರಡನ್ನೂ ಒಂದೆಂದು ತಿಳಿದು ಮೋಸಹೋದವರು ಬಹಳ ಮಂದಿ.

ಕತ್ತಲೆಯ ಪಡಸಾಲೆಯಲ್ಲಿ ಟಾರ್ಚಿನಿಂದ 5 ಮೀಟರ್ ದೂರದಲ್ಲಿ ಮೀಟರನ್ನು ಇರಿಸಿದೆವು. ಇನ್ನೂ ಹತ್ತಿರ ಹಿಡಿದರೆ ನಿಮ್ನ ಕನ್ನಡಿಯು ಕೂಡಿಸುವ ಕಿರಣಗಳಿಂದ ಲೆಕ್ಕ ತಪ್ಪುತ್ತದೆ. ಹೊತ್ತಿಸಿ ಅರ್ಧ ನಿಮಿಷ ಕಾದೆವು. ಏಕೆಂದರೆ ಟಾರ್ಚಿನ ಮೊದಲ ಹೊಳಪು ಬೇಗ ಇಳಿಯಬಹುದು. ಮೊದಲನೆಯದು 36 ಲಕ್ಸ್, ಎರಡನೆಯದು 9 ಲಕ್ಸ್ ತೋರಿಸಿತು.

ದೂರ ಇಮ್ಮಡಿಯಾದರೆ ಅದೇ ಬೆಳಕು ನಾಲ್ಕು ಪಟ್ಟು ವಿಸ್ತಾರಕ್ಕೆ ಹರಡಿ, ಲಕ್ಸ್ ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ 36ನ್ನು ದೂರದ ವರ್ಗವಾದ 25ರಿಂದ ಗುಣಿಸಿದರೆ 900 ಕ್ಯಾಂಡೆಲಾ; ಇದು ಕಿರಣದ ತೀವ್ರತೆ. ಎರಡನೆಯದಕ್ಕೆ 225. ಟಾರ್ಚಿನ ಪೆಟ್ಟಿಗೆಯ ಮೇಲೆ 'ಇಷ್ಟು ಮೀಟರ್' ಎಂದು ಬರೆಯುವಾಗ, ಬೆಳಕು ಕಾಲು ಲಕ್ಸಿಗೆ ಇಳಿಯುವ ದೂರವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿದೆ. ಆ ಪ್ರಕಾರ ಮೊದಲನೆಯದಕ್ಕೆ 60 ಮೀಟರ್, ಎರಡನೆಯದಕ್ಕೆ 30. ಆದರೆ ಕಾಲು ಲಕ್ಸ್ ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕು. ಅಷ್ಟರಲ್ಲಿ ಮರವೇನೋ ಕಂಡೀತು, ಸೋಗೆಯ ಮೇಲಿನ ಹಾವು ಕಾಣದು.

ರೈತರು ಮೊದಲನೆಯದನ್ನೇ ಎತ್ತಿಕೊಂಡರು. "ಸ್ವಲ್ಪ ತಾಳಿ" ಎಂದು ಎರಡನ್ನೂ ಸುಣ್ಣ ಬಳಿದ ಸೂರಿನ ಕಡೆ ತಿರುಗಿಸಿ, ಮೀಟರನ್ನು ನೇರ ಕಿರಣ ಬೀಳದಂತೆ ಮೇಜಿನ ಮೇಲೆ ಇಟ್ಟೆ. ಸೂರಿನಿಂದ ಚದುರಿ ಬರುವ ಬೆಳಕು ಒಟ್ಟು ಬೆಳಕಿಗೆ ಅನುಗುಣವಾಗಿರುತ್ತದೆ. ಈಗ ಮೊದಲನೆಯದು 4 ಲಕ್ಸ್, ಎರಡನೆಯದು 10! ಮೊದಲನೆಯದು ತನ್ನ ಅಲ್ಪ ಬೆಳಕನ್ನು ಕಿರಿದಾಗಿ ಕೂಡಿಸಿ ದೂರಕ್ಕೆ ಎಸೆಯುತ್ತಿತ್ತು. ಎರಡನೆಯದು ಹೆಚ್ಚು ಬೆಳಕನ್ನು ಅಗಲವಾಗಿ ಹರಡುತ್ತಿತ್ತು. ಅಗ್ಗದ ಮೀಟರಿನ ಅಂಕಿಗಳಲ್ಲಿ ತುಸು ದೋಷವಿದ್ದೀತು. ಒಂದೇ ಬಗೆಯ ದೀಪಗಳ ಹೋಲಿಕೆಗೆ ಅಷ್ಟು ಸಾಕು.

ಅಂದು ರಾತ್ರಿ ಅವರು ಕಾಲ ಬಳಿಯ ನೆಲ ಕಾಣಲೆಂದು ಎರಡನೆಯದನ್ನು ಹಿಡಿದು ತೋಟಕ್ಕೆ ನಡೆದರು. ಮೊದಲನೆಯದು ಈಗ ಅಡಕೆಯ ಕಾವಲಿಗೆ ಅವರ ಜಗಲಿಯ ಗೂಟದಲ್ಲಿ ತೂಗುತ್ತಿದೆ.