ಹಳೆಯ ಕಲ್ಲುಮನೆಗೆ ಹೊಸ ಕೋಣೆ

ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ಸಂಚರಿಸುವವರು ಒಕ್ಕಲು ಮನೆತನಗಳ ಹಳೆಯ ಕಲ್ಲುಮನೆಗಳನ್ನು ಇಂದಿಗೂ ಕಾಣಬಹುದು. ಎರಡು ಮೂರು ಅಡಿ ದಪ್ಪದ ಗೋಡೆಗಳು. ಕಂಬ, ತೊಲೆ, ಜಂತೆಗಳ ಮೇಲೆ ಬಿಗಿಯಾಗಿ ಬಡಿದ ಮಣ್ಣಿನ ಮಾಳಿಗೆ. ಮಾಳಿಗೆಯಲ್ಲಿ ಒಂದೆರಡು ಬೆಳಕಿಂಡಿಗಳು. ದೊಡ್ಡ ಬಾಗಿಲನ್ನು ದಾಟಿದೊಡನೆ ಎತ್ತುಗಳ ಗೋದಲಿ, ಅದರಾಚೆ ಎತ್ತರದ ಪಡಸಾಲೆ, ಒಳಗೆ ಅಡುಗೆಮನೆ. ದಪ್ಪನೆಯ ಗೋಡೆಯೂ ಮಣ್ಣಿನ ಮಾಳಿಗೆಯೂ ಬಿಸಿಲಿನ ಕಾವನ್ನು ಬೇಗನೆ ಒಳಗೆ ಬಿಡುವುದಿಲ್ಲ. ಆದುದರಿಂದ ಬೇಸಗೆಯ ನಡುಹಗಲಿನಲ್ಲಿಯೂ ಪಡಸಾಲೆಯು ತಂಪಾಗಿರುತ್ತದೆ.

ಆದರೆ ಕಾಲ ಬದಲಾದಂತೆ ಬಾಳಿನ ಅಗತ್ಯಗಳೂ ಬದಲಾಗುತ್ತವೆ. ಓದುವ ಮಕ್ಕಳಿಗೆ ಬೆಳಕುಳ್ಳ ಕೋಣೆ ಬೇಕು. ಮನೆಮಂದಿಗೆ ಸ್ನಾನಗೃಹ, ಶೌಚಾಲಯಗಳು ಬೇಕು. ಈ ಬಯಕೆ ನ್ಯಾಯವಾದುದೇ. ಇದನ್ನು ಪೂರೈಸಲು ಕೆಲವರು ಹಳೆಯ ಮನೆಯನ್ನೇ ಕೆಡವುತ್ತಾರೆ. ಇನ್ನು ಕೆಲವರು ಅದನ್ನು ಹಾಗೆಯೇ ಬಿಟ್ಟು ಬೇರೆಡೆಗೆ ಹೋಗುತ್ತಾರೆ. ಈ ಎರಡಕ್ಕೂ ಹೊರತಾದ ಮೂರನೆಯ ದಾರಿಯೊಂದುಂಟು. ಹಳೆಯ ಮನೆಯನ್ನು ಉಳಿಸಿಕೊಂಡು, ಅದಕ್ಕೆ ಹೊಸ ಭಾಗವೊಂದನ್ನು ಜೋಡಿಸುವುದೇ ಆ ದಾರಿ.

ಹೊಸ ಭಾಗವು ಹೇಗಿರಬೇಕು? ಹಳೆಯದನ್ನೇ ಅನುಕರಿಸಬೇಕೆಂದು ಹಲವರು ಭಾವಿಸುತ್ತಾರೆ. 1964ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಸೇರಿದ ತಜ್ಞರ ಅಭಿಪ್ರಾಯ ಬೇರೆಯಾಗಿತ್ತು. ಪುರಾತನ ಸ್ಮಾರಕಗಳ ರಕ್ಷಣೆಗಾಗಿ ಅವರು ರೂಪಿಸಿದ ಸನ್ನದಿನಂತೆ, ಅನಿವಾರ್ಯವಾಗಿ ಮಾಡುವ ಹೊಸ ಕೆಲಸವು ತನ್ನ ಕಾಲದ ಗುರುತನ್ನು ಹೊಂದಿರಬೇಕು. ಸೇರ್ಪಡೆಯು ಹಳೆಯದರ ಅಂದಕ್ಕೂ ಪರಿಸರಕ್ಕೂ ಕುಂದು ತರಬಾರದು. ಹುಸಿ ಹಳತನ್ನು ಕಟ್ಟಿದರೆ ನಿಜವಾದ ಹಳತು ಯಾವುದೆಂಬುದೇ ತಿಳಿಯದೆ ಹೋಗುತ್ತದೆ. ಇಂಗ್ಲೆಂಡಿನ ಆಸ್ಟ್ಲಿ ಕ್ಯಾಸಲ್ ಎಂಬ ಕಲ್ಲಿನ ಕೋಟೆಮನೆ 1978ರಲ್ಲಿ ಬೆಂಕಿಗೆ ತುತ್ತಾಗಿ ಪಾಳುಬಿದ್ದಿತ್ತು. ಅದರ ಅಳಿದುಳಿದ ಗೋಡೆಗಳ ನಡುವೆಯೇ ಇಟ್ಟಿಗೆ ಮತ್ತು ಮರದಿಂದ ಹೊಸ ವಸತಿಯನ್ನು ಕಟ್ಟಲಾಯಿತು. ಹಳೆಯ ಕಲ್ಲು, ಹೊಸ ಇಟ್ಟಿಗೆಗಳೆರಡೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆ ಕಟ್ಟಡಕ್ಕೆ 2013ರಲ್ಲಿ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ದೊರೆಯಿತು.

ನಮ್ಮ ಹಳ್ಳಿಯ ಮನೆಗಳಿಗೂ ಈ ವಿವೇಕವೇ ಬೇಕು. ಹೊಸ ಕೋಣೆಯು ಹಿತ್ತಿಲ ಕಡೆಗೆ, ಹಳೆಯ ಮನೆಗಿಂತ ತಗ್ಗಾಗಿದ್ದರೆ ಮನೆಯ ಮುಖ ಕೆಡುವುದಿಲ್ಲ. ಎರಡರ ನಡುವೆ ಚಿಕ್ಕ ಅಂಗಳವನ್ನು ಬಿಟ್ಟರೆ ಎರಡಕ್ಕೂ ಗಾಳಿ ಬೆಳಕುಗಳು ದೊರೆಯುತ್ತವೆ. ಹಿತ್ತಿಲ ಬಾಗಿಲನ್ನೇ ಹಾದಿಯಾಗಿ ಬಳಸಿದರೆ ಹಳೆಯ ಗೋಡೆಯನ್ನು ಒಡೆಯುವ ಪ್ರಮೇಯವೇ ಬಾರದು.

ಅಡಿಪಾಯದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹಳೆಯ ಗೋಡೆಯು ತಲೆಮಾರುಗಳ ಹಿಂದೆಯೇ ನೆಲದಲ್ಲಿ ಕುಳಿತು ನೆಲೆಗೊಂಡಿರುತ್ತದೆ. ಹೊಸ ಗೋಡೆಯು ಇನ್ನು ಮೇಲೆ ಕುಳಿತುಕೊಳ್ಳಬೇಕು. ಎರಡನ್ನೂ ಬಿಗಿಯಾಗಿ ಬೆಸೆದರೆ ಬೆಸುಗೆಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಅವು ಕೂಡುವಲ್ಲಿ ಸಣ್ಣ ಸಂದನ್ನು ಬಿಡುವುದು ಲೇಸು. ಹಳೆಯ ಗೋಡೆಯ ಬುಡದಲ್ಲಿಯೇ ಆಳವಾಗಿ ಅಗೆಯುವುದು ಅಪಾಯಕರ.

ಎಲ್ಲಕ್ಕಿಂತ ದೊಡ್ಡ ಶತ್ರು ತೇವ. ಮಣ್ಣು ಸುಣ್ಣಗಳ ಗಾರೆಯು ಗೋಡೆಯ ತೇವವನ್ನು ಹೊರಕ್ಕೆ ಬಿಡುತ್ತದೆ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಸ್ವಾಮ್ಯಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಬಹಳ ಗಟ್ಟಿ. ಆದರೆ ಅದು ತೇವವನ್ನು ತಡೆದು ನಿಲ್ಲಿಸುತ್ತದೆ. ಹಳೆಯ ಗೋಡೆಗೆ ಸಿಮೆಂಟನ್ನು ಮೆತ್ತಿದರೆ, ಹೊರಬರಲಾರದ ನೀರು ಒಳಗಿನ ಮಣ್ಣನ್ನು ಸಡಿಲಿಸುತ್ತದೆ. ಮೆದುವಾದ ಮರಳುಗಲ್ಲಿನ ಮೈ ಪದರಪದರವಾಗಿ ಉದುರುತ್ತದೆ. ಆದ್ದರಿಂದ ಹಳೆಯ ಭಾಗದ ದುರಸ್ತಿಗೆ ಸುಣ್ಣದ ಗಾರೆಯೇ ಯೋಗ್ಯ. ಹೊಸ ಮಾಳಿಗೆಯ ನೀರು ಹಳೆಯ ಗೋಡೆಯ ಮೇಲೆ ಬೀಳಬಾರದು. ಬಚ್ಚಲು ಆ ಗೋಡೆಗೆ ಹೊಂದಿಕೊಂಡಿರಬಾರದು.

ಇಷ್ಟೆಲ್ಲ ಶ್ರಮವೇಕೆ ಎಂದು ಕೇಳಬಹುದು. ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಆರೈಕೆ ಬೇಕು. ಹೊಸ ಮಣ್ಣನ್ನು ಹಾಕಿ ಬಡಿಯಬೇಕು, ಬಿರುಕುಗಳನ್ನು ಮುಚ್ಚಬೇಕು. ಜನವಿಲ್ಲದ ಮನೆಯಲ್ಲಿ ಈ ಕೆಲಸವನ್ನು ಮಾಡುವವರಾರು? ಮಾಳಿಗೆ ಸೋರುತ್ತದೆ, ಜಂತೆ ಕೊಳೆಯುತ್ತದೆ. ಕಡೆಗೆ ಗೋಡೆಯೂ ಕುಸಿಯುತ್ತದೆ. ಹಳೆಯ ಮನೆಯನ್ನು ಕಾಯುವುದು ಅದರೊಳಗಿನ ಬಾಳುವೆ. ಆ ಬಾಳುವೆಯನ್ನು ಅಲ್ಲಿಯೇ ಉಳಿಸುವ ಹೊಸ ಕೋಣೆಯು ಹಳೆಯ ಮನೆಯ ಹಗೆಯಲ್ಲ, ಅದರ ಊರುಗೋಲು.