ದಡದ ಬಲೆಯ ಲೆಕ್ಕ

ಉಡುಪಿ ಜಿಲ್ಲೆಯ ಕಡಲ ತಡಿಯ ಮೊಗವೀರರ ಊರುಗಳಿಗೆ ಹೋದವರು ಕೈರಂಪಣಿ ಎಳೆಯುವುದನ್ನು ನೋಡಿರಬಹುದು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗ ಹಿಡಿದವರು ಮರಳಿನಲ್ಲಿ ಹಿಮ್ಮಡಿ ಊರಿ, ಹಿಂದೆ ಹಿಂದೆ ಸರಿಯುತ್ತ ಎಳೆಯುತ್ತಾರೆ. ಪ್ರವಾಸಿಗರು ಫೋಟೊ ತೆಗೆದುಕೊಂಡು ಹೋಗುವ ಈ ಬಲೆ ಸಮುದ್ರವನ್ನು ಅಳೆಯುವ ಸಾಧನವೂ ಹೌದು. ಇದು ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ದಡದ ಹತ್ತಿರ ಬಂದದ್ದು ಮಾತ್ರ ಇದಕ್ಕೆ ಸಿಗುತ್ತದೆ. ಹಾಗಾಗಿ ಬರಿಗೈ ಎಳೆತಗಳು ಹೆಚ್ಚಾದರೆ, ದಡಕ್ಕೆ ಬರುವ ಹಿಂಡುಗಳು ಕಡಿಮೆಯಾಗುತ್ತಿವೆಯೇ ಎಂದು ಹುಡುಕಲೇಬೇಕು.

ಬಂದರಿನ ಲೆಕ್ಕ ಬೇರೆ. ಬೂತಾಯಿ, ಬಂಗುಡೆ ಹಿಂಡಾಗಿ ಬದುಕುವ ಮೀನುಗಳು. ಅವುಗಳ ಒಟ್ಟು ಸಂಖ್ಯೆ ಇಳಿದಾಗ ಹಿಂಡುಗಳು ತೆಳುವಾಗುವುದಿಲ್ಲ, ಹಿಂಡುಗಳೇ ಕಡಿಮೆಯಾಗುತ್ತವೆ. ಉಳಿದ ಹಿಂಡು ಎಲ್ಲಿದೆ ಎಂಬುದನ್ನು ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನ ಫಿಶ್‌ಫೈಂಡರ್ ತೋರಿಸುತ್ತದೆ, ವೈರ್‌ಲೆಸ್ ಉಳಿದ ಬೋಟುಗಳಿಗೂ ತಿಳಿಸುತ್ತದೆ. ಬಲೆ ಸುತ್ತು ಹಾಕಿದರೆ ಹಿಂದಿನಷ್ಟೇ ಮೀನು. ಇದನ್ನು ವಿಜ್ಞಾನಿಗಳು ಹೈಪರ್‌ಸ್ಟೆಬಿಲಿಟಿ ಎನ್ನುತ್ತಾರೆ, ಅಂದರೆ ಹುಸಿ ಸ್ಥಿರತೆ: ಸಂತತಿ ಕರಗುತ್ತಿದ್ದರೂ ಹಿಡುವಳಿ ಕರಗಿದಂತೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಚೇತರಿಸಿಕೊಳ್ಳಲು ಬೇಕಾದ ತಾಯಿಮೀನು ಉಳಿದಿರುವುದಿಲ್ಲ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ನಡೆದದ್ದು ಇದೇ. 1980ರ ದಶಕದಲ್ಲಿ ದಡದ ಸಣ್ಣ ಮೀನುಗಾರರು ಕಾಡ್ ಮೀನು ಕಡಿಮೆಯಾಗಿದೆ, ಗಾತ್ರವೂ ಇಳಿದಿದೆ ಎಂದು ದೂರಿದರು. ಆಳಸಮುದ್ರದ ಟ್ರಾಲರುಗಳಿಗೆ ಮಾತ್ರ ಒಳ್ಳೆಯ ಹಿಡುವಳಿ ಸಿಗುತ್ತಲೇ ಇತ್ತು. ಅಧಿಕೃತ ಅಂದಾಜು ಆ ಅಂಕಿಗಳನ್ನು ಹೆಚ್ಚು ನಂಬಿತು. 1992ರ ಜುಲೈ 2ರಂದು ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸುಮಾರು 30,000 ಜನರ ಕೆಲಸ ಹೋಯಿತು. ಆ ನಿಷೇಧ ತೆರವಾದದ್ದು 2024ರಲ್ಲಿ, ಅದೂ ಸಣ್ಣ ಮಿತಿಯೊಳಗೆ.

ನಮ್ಮ ಕರಾವಳಿಗೂ ಇಂಥ ಸೂಚನೆ ಹೊಸದಲ್ಲ. 1970ರ ದಶಕದ ನಡುವಿನಲ್ಲಿ ಮಂಗಳೂರಿಗೆ ಪರ್ಸೀನ್ ಬಂತು. ನೂರಾರು ಕೈಗಳು ಎಳೆಯುತ್ತಿದ್ದ ದೊಡ್ಡ ರಂಪಣಿಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಹಿಂಡನ್ನು ಹೊರಗೇ ಸುತ್ತುವರಿದರೆ ದಡಕ್ಕೆ ಬರುವುದೇನು?

ಬೂತಾಯಿಯ ಏರಿಳಿತಕ್ಕೆ ಬಲೆಯೊಂದೇ ಕಾರಣವಲ್ಲ, ಇದನ್ನು ಒಪ್ಪಲೇಬೇಕು. ಯಂತ್ರದ ಬೋಟು ಇಲ್ಲದ 1940ರ ದಶಕದಲ್ಲೂ ಅದು ಮಲಬಾರ್ ತೀರದಲ್ಲಿ ಕುಸಿದಿತ್ತು. ಮುಂಗಾರಿನಲ್ಲಿ ತಳದ ತಂಪು ನೀರು ಮೇಲೆದ್ದು ಸೂಕ್ಷ್ಮ ಪಾಚಿ ಬೆಳೆದರೆ ಮರಿಗೆ ಆಹಾರವುಂಟು. ಅರಬ್ಬೀ ಸಮುದ್ರ ಬಿಸಿಯಾದ ವರ್ಷ ಈ ಲಯ ತಪ್ಪುತ್ತದೆ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರವಿದ್ದ ಹಿಡುವಳಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಆಮೇಲೆ ಮೀನು ಮರಳಿ ಕಾಣಿಸಿತು ನಿಜ. ಆದರೆ ಹವಾಮಾನ ಕೈಕೊಟ್ಟ ವರ್ಷದಲ್ಲಿ ಮೊಟ್ಟೆಯಿಡಬಲ್ಲ ಮೀನು ಎಷ್ಟು ಉಳಿದಿದೆ ಎಂಬುದೇ ಚೇತರಿಕೆಯ ವೇಗವನ್ನು ನಿರ್ಧರಿಸುತ್ತದೆ. ಆ ಉಳಿಕೆಯನ್ನು ನಾವು ಮೊದಲೇ ಖರ್ಚು ಮಾಡುತ್ತಿದ್ದೇವೆ.

ಬಂದರಿನಲ್ಲಿ ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ತುಂಬುವ ಮೀನನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಐಸಿನ ನೀರು ಸೋರುವ ಕ್ರೇಟಿನಲ್ಲಿ ಕಿರುಬೆರಳುದ್ದದ ಮರಿಗಳು, ಹೊಟ್ಟೆ ಒಡೆದು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೂತಾಯಿ ಮೊಟ್ಟೆಯಿಡುವ ಹಂತಕ್ಕೆ ಬರುವುದು ಸುಮಾರು 15 ಸೆಂ.ಮೀ. ಉದ್ದವಾದಾಗ. ಕೇರಳ 2015ರಲ್ಲಿ ಗೊತ್ತುಮಾಡಿದ ಕನಿಷ್ಠ ಅಳತೆ 10 ಸೆಂ.ಮೀ. ಅದಕ್ಕಿಂತ ಚಿಕ್ಕದನ್ನು ಕೊಳ್ಳಲು ಕಾರ್ಖಾನೆ ಸಿದ್ಧವಿರುವಷ್ಟು ಕಾಲ ಅದನ್ನು ಬಲೆಯಿಂದ ಬಿಡುವವರು ಯಾರು? ಜೂನ್, ಜುಲೈ ತಿಂಗಳ 61 ದಿನಗಳ ಮೀನುಗಾರಿಕೆ ನಿಷೇಧ ತಾಯಿಮೀನಿಗೆ ಬಿಡುವು ಕೊಡುತ್ತದೆ. ಮರಿಗಳು ದೊಡ್ಡ ಸಂಖ್ಯೆಯಲ್ಲಿ ಸಿಗುವುದು ಅದು ಮುಗಿದ ಮೇಲೆ.

ಲಾರಿಗೆ ತುಂಬುವ ಮುನ್ನವೇ, ಬಂದರಿನ ಧಕ್ಕೆಯಲ್ಲೇ ಅಳತೆ ನಡೆದು ಮರಿಮೀನಿನ ಖರೀದಿ ನಿಲ್ಲಬೇಕು. ಜೊತೆಗೆ ಕೈರಂಪಣಿಯ ಪ್ರತಿ ಎಳೆತದ ತೂಕವನ್ನೂ ಮೀನಿನ ಉದ್ದವನ್ನೂ ಊರೂರಲ್ಲಿ ಬರೆದಿಡಬೇಕು, ಬಂದರಿನ ಟನ್ ಲೆಕ್ಕದ ಪಕ್ಕದಲ್ಲೇ ಅದನ್ನಿಟ್ಟು ಓದಬೇಕು. ಬಂದರಿನ ಅಂಕಿ ಏರುತ್ತ ದಡದ ಅಂಕಿ ಇಳಿಯುತ್ತಿದ್ದರೆ ಬೋಟುಗಳ ಹಿಡುವಳಿಗೆ ಆ ಋತುವಿನಲ್ಲೇ ಮಿತಿ ಹಾಕಬೇಕು. ಇದಕ್ಕೆ ಬೇಕಾದದ್ದು ತಕ್ಕಡಿ, ಅಳತೆಪಟ್ಟಿ, ಒಂದು ನೋಟ್‌ಬುಕ್. ಬರೆಯಬಲ್ಲ ಹುಡುಗರು ಈ ಊರುಗಳ ಪ್ರತಿ ಮನೆಯಲ್ಲಿದ್ದಾರೆ.